ಲಾರಿಗೆ ಎಷ್ಟು ಲೋಡ್? ಹೊರಡುವ ಮುಂಚೆಯೇ ತಿಳಿದುಕೊಳ್ಳುವುದು ಹೇಗೆ

ಕ್ರಷರ್ ಮುಂದೆ ನಸುಕಿನಲ್ಲಿ ಟಿಪ್ಪರ್‌ಗಳು ಸಾಲಾಗಿ ನಿಂತಿರುತ್ತವೆ. ಎಷ್ಟು ಬಕೆಟ್ ಸುರಿಯಬೇಕು ಅಂತ ಹೇಳುವವರು ಒಬ್ಬರು. ಬಾಡಿಗೆ ಲೆಕ್ಕ ಹಾಕುವವರು ಇನ್ನೊಬ್ಬರು. ಆದರೆ ರಸ್ತೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿದಾಗ ಕಾಗದ ಹಿಡಿದು ಕೆಳಗಿಳಿಯುವವರು ಡ್ರೈವರ್ ಮಾತ್ರ. ಅದಕ್ಕೇ ಈ ಲೇಖನವನ್ನು ಡ್ರೈವರ್‌ಗಳಿಗಾಗಿ ಬರೆಯುತ್ತಿದ್ದೇನೆ. ತೂಕದ ತೊಂದರೆಯನ್ನು ಲೋಡ್ ತುಂಬುವ ಜಾಗದಲ್ಲೇ ಬಗೆಹರಿಸಿಕೊಳ್ಳಬೇಕು. ಅಲ್ಲಿ ಅದು ಹತ್ತು ನಿಮಿಷದ ಕೆಲಸ. ಹೆದ್ದಾರಿಯಲ್ಲಿ ಅದಕ್ಕೇ ಇಡೀ ದಿನ ಹೋಗುತ್ತದೆ.

ಮೊದಲು ಆರ್‌ಸಿ ತೆಗೆದು ನೋಡಿ

ಆರ್‌ಸಿ ಅಂದರೆ ಗಾಡಿಯ ನೋಂದಣಿ ಪತ್ರ. ಅದರಲ್ಲಿ ಎರಡು ತೂಕ ಬರೆದಿರುತ್ತಾರೆ. ಒಂದು ಖಾಲಿ ಗಾಡಿಯದು. ಇನ್ನೊಂದು ಸರಕು ತುಂಬಿದ ಗಾಡಿ ಒಟ್ಟು ಎಷ್ಟು ತೂಗಬಹುದು ಎಂಬುದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ನೀವು ಹೇರಬಹುದಾದ ಸರಕಿನ ತೂಕ ಸಿಗುತ್ತದೆ. ಒಂದು ಹತ್ತು ಚಕ್ರದ ಗಾಡಿಯ ಆರ್‌ಸಿಯಲ್ಲಿ 28,000 ಮತ್ತು 9,500 ಕಿಲೋ ಅಂತ ಇದ್ದರೆ, ಸರಕು ಹದಿನೆಂಟೂವರೆ ಟನ್. ಅಷ್ಟೇ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಮಿತಿಗಳನ್ನು ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ (ಎರಡೂ ಬದಿಯ ಚಕ್ರ ಜೋಡಿಸುವ ಅಡ್ಡ ದಂಡ) 10.2 ಟನ್ ಇದ್ದದ್ದು 11.5 ಆಯಿತು. ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್‌ಗೆ ಹೋಯಿತು. ಆದರೆ ಹಳೇ ಗಾಡಿಗೆ ಹೊಸ ಮಿತಿ ತಾನಾಗಿಯೇ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಆರ್‌ಸಿಯಲ್ಲಿ ಏನಿದೆಯೋ ಅದನ್ನೇ ನಂಬಿ. ಕಮಾನು ಪಟ್ಟಿ (ಸ್ಪ್ರಿಂಗ್ ಪ್ಲೇಟ್) ಜಾಸ್ತಿ ಹಾಕಿಸಿದರೂ, ಗಾಡಿಯ ಬಾಡಿ ಸುತ್ತ ಹಲಗೆ ಕಟ್ಟಿ ಎತ್ತರಿಸಿದರೂ ಆ ಅಂಕಿ ಬದಲಾಗುವುದಿಲ್ಲ.

ಖಾಲಿ ಗಾಡಿಯನ್ನೂ ಒಮ್ಮೆ ತೂಗಿಸಿ

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆರ್‌ಸಿ ಮಾಡಿಸಿದ ದಿನ ಇದ್ದ ಗಾಡಿ ಈಗ ಹಾಗೇ ಇರುವುದಿಲ್ಲ ಅಲ್ವಾ? ಆಮೇಲೆ ಹಾಕಿಸಿದ ಕಬ್ಬಿಣದ ಗಾರ್ಡ್, ಸ್ಟೆಪ್ನಿ, ಟಾರ್ಪಾಲ್, ಹಗ್ಗ, ಟೂಲ್ ಬಾಕ್ಸ್ ಎಲ್ಲ ಸೇರಿರುತ್ತದೆ. 300 ಲೀಟರ್ ಡೀಸೆಲ್ ಅಂದರೆ ಹತ್ತಿರ ಹತ್ತಿರ 250 ಕಿಲೋ. ಇವೆಲ್ಲ ಸರಕಿನ ಲೆಕ್ಕದಿಂದಲೇ ಕಳೆಯುತ್ತವೆ.

ಕಣ್ಣಳತೆ ನಂಬಬೇಡಿ

ಮರಳು, ಜಲ್ಲಿಯನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ, ದಂಡ ಬೀಳುವುದು ಟನ್ ಲೆಕ್ಕದಲ್ಲಿ. ಒಣ ಮರಳಾದರೆ 100 ಘನ ಅಡಿಗೆ ಸುಮಾರು ನಾಲ್ಕೂವರೆ ಟನ್ ಬರುತ್ತದೆ. ಅದೇ ಮರಳು ನೀರು ಕುಡಿದಿದ್ದರೆ ಐದು ಟನ್ ದಾಟಬಹುದು. ಬಾಡಿ ತುಂಬಿದ ಮಟ್ಟ ಮಾತ್ರ ಅಷ್ಟೇ ಇರುತ್ತದೆ. ಮಳೆಗಾಲದಲ್ಲಿ ಒಂದೆರಡು ಬಕೆಟ್ ಕಡಿಮೆ ಹಾಕಿಸಿ. ಟಾರ್ಪಾಲ್ ಕಟ್ಟದೆ ಹೊರಟರೆ ದಾರಿಯಲ್ಲಿ ನೆನೆದು ತೂಕ ಇನ್ನೂ ಏರುತ್ತದೆ.

ಉಕ್ಕಿನ ಕಾಯಿಲ್, ಗ್ರಾನೈಟ್ ದಿಮ್ಮಿಗಳ ವಿಷಯ ಬೇರೆ. ಅಲ್ಲಿ ಬಾಡಿ ಅರ್ಧ ಖಾಲಿ ಕಂಡರೂ ತೂಕ ತುಂಬಿರುತ್ತದೆ. ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದೂ ಮುಖ್ಯ. ತೀರಾ ಹಿಂದೆ ಇಟ್ಟರೆ ಮುಂದಿನ ಚಕ್ರಕ್ಕೆ ಹಿಡಿತ ಸಾಲದೆ ಸ್ಟೇರಿಂಗ್ ಹಗುರಾಗುತ್ತದೆ. ಕ್ಯಾಬಿನ್‌ಗೆ ಒತ್ತಿ ಇಟ್ಟರೆ ಮುಂದಿನ ಆಕ್ಸಲ್ ಮಿತಿ ದಾಟುತ್ತದೆ.

ಕಾಟಾ ಮೇಲೆ ಎರಡು ಸಲ ನಿಲ್ಲಿಸಿ

ಲೋಡ್ ಆದ ಮೇಲೆ ಹತ್ತಿರದ ವೇಬ್ರಿಡ್ಜ್‌ಗೆ, ಅಂದರೆ ಇಡೀ ಗಾಡಿ ತೂಗುವ ಕಾಟಾಗೆ ಹೋಗಿ. ಮೊದಲು ಕಾನೂನು ಮಾಪನ ಇಲಾಖೆಯ ಮುದ್ರೆ ಈ ವರ್ಷದ್ದೇ ಇದೆಯಾ ನೋಡಿ. ಕಾಟಾವನ್ನು 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕು.

ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ, ಬಂದ ತೂಕ ಬರೆದುಕೊಳ್ಳಿ. ಆಮೇಲೆ ಪೂರ್ತಿ ಗಾಡಿ ನಿಲ್ಲಿಸಿ ಒಟ್ಟು ತೂಕ ತೆಗೆದುಕೊಳ್ಳಿ. ಒಟ್ಟು ತೂಕದಿಂದ ಮುಂದಿನ ಚಕ್ರದ ತೂಕ ಕಳೆದರೆ ಹಿಂದಿನ ಆಕ್ಸಲ್‌ಗಳ ಭಾರ ಗೊತ್ತಾಗುತ್ತದೆ. ಕಾಟಾದ ಮುಂದೆ ಹಿಂದೆ ನೆಲ ಸಮವಾಗಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಒಟ್ಟು ತೂಕ ಸರಿಯಿದ್ದು ಒಂದೇ ಆಕ್ಸಲ್ ಮೇಲೆ ಭಾರ ಬಿದ್ದಿದ್ದರೂ ಅದು ಓವರ್‌ಲೋಡೇ. ಆಗ ಸರಕು ಇಳಿಸಬೇಕಿಲ್ಲ, ಜರುಗಿಸಿದರೆ ಸಾಕು.

ಜಾಸ್ತಿ ಇದ್ದರೆ ವಾಪಸ್ ಹೋಗಿ ಇಳಿಸಿ. ಲೋಡಿಂಗ್ ಜಾಗದವರು ಗೊಣಗುತ್ತಾರೆ, ಗೊಣಗಲಿ. ಕಾಟಾ ಚೀಟಿಯ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ, ‘ಇಷ್ಟು ಜಾಸ್ತಿ ಇದೆ, ಏನು ಮಾಡಲಿ?’ ಅಂತ ಒಂದು ಸಾಲು ಬರೆಯಿರಿ. ಈ ಸಾಲು ಯಾಕೆ ಬೇಕು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ರಸ್ತೆಯಲ್ಲಿ ತಡೆದರೆ

ನಿಲ್ಲಿಸಿ. ಗಾಡಿ ತೂಗಿಸಲು ಒಪ್ಪದೆ ಹೋದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಅದಕ್ಕೇ 40,000 ರೂಪಾಯಿ ದಂಡ. ನೀವು ಹೋಗುವ ದಾರಿಯ 10 ಕಿಲೋಮೀಟರ್ ಒಳಗೆ, ಅಥವಾ ಸರಕು ಇಳಿಸುವ ಊರಿನ 20 ಕಿಲೋಮೀಟರ್ ಒಳಗೆ ಇರುವ ಕಾಟಾಗೆ ಗಾಡಿ ತರಲು ಅಧಿಕಾರಿ ಹೇಳಬಹುದು. ತೂಗುವಾಗ ನೀವೂ ಪಕ್ಕದಲ್ಲಿದ್ದು ಅಂಕಿ ನೋಡಿ, ಚೀಟಿ ಕೇಳಿ ಪಡೆಯಿರಿ. ಟೋಲ್‌ನಲ್ಲಿ ಚಲಿಸುವಾಗಲೇ ತೂಗುವ ಯಂತ್ರ ಇದ್ದರೆ ನಿಧಾನವಾಗಿ, ಒಂದೇ ವೇಗದಲ್ಲಿ ದಾಟಿ. ಅದರ ಮೇಲೆ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಿದ್ದು ಅಂಕಿ ಏರುಪೇರಾಗುತ್ತದೆ.

2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. 28 ಟನ್ ಗಾಡಿ 33 ಟನ್ ತೂಗಿದರೆ 30,000 ಆಯಿತು. ಇಳಿಸುವ ಖರ್ಚು ಬೇರೆ. ದಂಡ ಕಟ್ಟಿದ ಮಾತ್ರಕ್ಕೆ ಹೊರಡುವಂತಿಲ್ಲ, ಹೆಚ್ಚಿನ ಸರಕು ಇಳಿಸಲೇಬೇಕು. ಹಿಂದೆ ಕೆಲವು ರಾಜ್ಯಗಳು ಮುಂಗಡ ಹಣ ಪಡೆದು ಕಾರ್ಡ್, ಟೋಕನ್ ಕೊಟ್ಟು ಓವರ್‌ಲೋಡ್ ಬಿಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು.

ಇಳಿಸುವ ಆದೇಶವನ್ನು ಬರಹದಲ್ಲೇ ಕೊಡಬೇಕು, ಕೇಳಿ ಪಡೆಯಿರಿ. ಇಳಿಸಿದ ಸರಕಿನ ಹೊಣೆ ನಿಮ್ಮ ಕಡೆಯದೇ. ಹಾಗಾಗಿ ಮಾಲೀಕರಿಗೆ ತಕ್ಷಣ ಫೋನ್ ಮಾಡಿ ಇನ್ನೊಂದು ಗಾಡಿ ತರಿಸಿ, ಇ-ವೇ ಬಿಲ್‌ನಲ್ಲಿ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಆ ಗಾಡಿಯ ನಂಬರ್ ಸೇರಿಸಲು ಹೇಳಿ.

ನನಗೆ ದಂಡಕ್ಕಿಂತ ಹೆಚ್ಚು ಭಯ ಘಾಟಿಯದು. ನಮ್ಮ ಮಾವ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಲೋಡ್ ಹೊಡೆಯುತ್ತಿದ್ದರು. ಭಾರ ಜಾಸ್ತಿಯಾದ ದಿನ ಬ್ರೇಕ್ ಕಾದು ವಾಸನೆ ಕ್ಯಾಬಿನ್ ಒಳಗೇ ಬರುತ್ತಿತ್ತಂತೆ. ಕಾದ ಬ್ರೇಕ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಅಂಥ ಲೋಡ್ ಹೊತ್ತು ಘಾಟಿಯ ಕೆಳಗಿನ ಗುಂಡ್ಯ ತಲುಪಿದಾಗೆಲ್ಲ ಅವರು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಡುತ್ತಿದ್ದರಂತೆ. ರಸ್ತೆಗೂ ಅಷ್ಟೇ ಪೆಟ್ಟು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಎಂದು ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ.

ಈಗ ಆ ವಾಟ್ಸ್‌ಆ್ಯಪ್ ಸಾಲಿನ ವಿಷಯ. ಓವರ್‌ಲೋಡ್ ಹೇರಿದ್ದಕ್ಕೆ ಡ್ರೈವರ್‌ನ ಡಿಎಲ್ ಅಮಾನತು ಮಾಡಲು ನಿಯಮದಲ್ಲಿ ಅವಕಾಶ ಇದೆ. ಡಿಎಲ್ ಹೋದರೆ ಮನೆ ನಡೆಯುವುದು ಹೇಗೆ? ಆದರೆ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಗಾಡಿ ಓಡಿಸುವವರು ಮಾಲೀಕರಲ್ಲದಿದ್ದರೆ, ಮಾಲೀಕರಿಗೆ ಗೊತ್ತಿದ್ದೇ ಅಥವಾ ಅವರು ಹೇಳಿದ್ದಕ್ಕೇ ಹೀಗಾಯಿತು ಎಂದು ಕೋರ್ಟ್ ಭಾವಿಸಬಹುದು. ಕಾಟಾ ಚೀಟಿ, ನೀವು ಕಳಿಸಿದ ಮೆಸೇಜ್, ಅವರು ಕೊಟ್ಟ ಉತ್ತರ, ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ. ಫೋನ್‌ನಲ್ಲಿ ‘ಪರವಾಗಿಲ್ಲ, ಹೊರಡು’ ಅಂದರೆ, ‘ಅಣ್ಣಾ, ಅದನ್ನೇ ಒಂದು ಮೆಸೇಜ್ ಹಾಕಿ’ ಅನ್ನಿ. ಹಾಕುವುದಿಲ್ಲ ಅಂದರೆ, ಗಾಡಿ ಇನ್ನೂ ಕ್ರಷರ್ ಹತ್ತಿರವೇ ಇದೆಯಲ್ಲ, ಇಳಿಸಿಯೇ ಹೊರಡಿ.