ಆನ್‌ಲೈನ್ ಕೋರ್ಸಿಗೆ ಜನ ಸೇರುವಂಥ ಪೇಜ್ ಬರೆಯುವುದು ಹೇಗೆ? ಇಳಕಲ್ಲಿನ ಒಂದು ಕಸೂತಿ ಕ್ಲಾಸ್ ಇಟ್ಟುಕೊಂಡು ಹೇಳುತ್ತೇನೆ

ಕೋರ್ಸ್ ಮಾರುವ ಪೇಜ್ ಬರೆಯಲು ಕೂತವರು ಮೊದಲು ಬೇರೆಯವರ ಪೇಜ್ ಹುಡುಕಿ ನೋಡುತ್ತಾರೆ. ಅದನ್ನು ಬಿಡಿ, ನಿಮ್ಮ ವಾಟ್ಸಾಪ್ ತೆರೆಯಿರಿ. ನಿಮ್ಮ ಕ್ಲಾಸ್ ಬಗ್ಗೆ ಜನ ಈಗಾಗಲೇ ಕೇಳಿದ ಪ್ರಶ್ನೆಗಳೆಲ್ಲ ಅಲ್ಲಿವೆ. ಅವನ್ನು ಅವರದೇ ಮಾತಿನಲ್ಲಿ, ಏನೂ ತಿದ್ದದೆ ಒಂದು ಹಾಳೆಗೆ ಇಳಿಸಿಕೊಳ್ಳಿ. ಆ ಪ್ರಶ್ನೆಗಳಿಗೆ ನೀವು ಕೊಡುವ ಉತ್ತರವೇ ನಿಮ್ಮ ಪೇಜ್.

ನಾನು ಬಾಗಲಕೋಟೆಯ ನವನಗರದಲ್ಲಿದ್ದೇನೆ. ಟ್ಯೂಷನ್, ಹೊಲಿಗೆ, ಅಡುಗೆ ಅಂತ ಏನಾದರೂ ಕಲಿಸುವವರಿಗೆ ಇಂಥ ಪೇಜ್ ಬರೆದುಕೊಡುವುದು ನನ್ನ ಕೆಲಸ. ಇಳಕಲ್ಲಿನಲ್ಲಿ ಒಬ್ಬ ಅಕ್ಕಾವ್ರು ಆನ್‌ಲೈನ್‌ನಲ್ಲಿ ಕಸೂತಿ ಕಲಿಸುತ್ತಾರೆ. ಅವರಿಗೆ ಬಂದಿದ್ದ ಮೆಸೇಜ್‌ಗಳು ಹೀಗಿದ್ದವು: "ಅಕ್ಕಾರ, ನಂಗ ಸೂಜಿ ಹಿಡ್ಯಾಕೂ ಬರಂಗಿಲ್ರಿ, ನಡೀತೈತೇನ್ರಿ?" "ದಿನಾ ಎಷ್ಟ್ ಹೊತ್ತು ಕೂಡ್ರಬೇಕ್ರಿ?" "ಕ್ಲಾಸ್ ತಪ್ಪಿದ್ರ ಏನ್ ಮಾಡೂದ್ರಿ?" "ಫೀ ಎಷ್ಟ್ರಿ?"

ಪ್ರಶ್ನೆಗಳು ಬಂದ ಈ ಕ್ರಮ ಗಮನಿಸಿ. ಅಕ್ಕಾವ್ರ ಸರ್ಟಿಫಿಕೇಟ್ ಬಗ್ಗೆ ಯಾರೂ ಕೇಳಿಲ್ಲ. ಮೊದಲ ಅನುಮಾನ ತಮ್ಮ ಮೇಲೆಯೇ, ನನ್ನ ಕೈಲಿ ಆಗುತ್ತಾ ಅಂತ. ಆಮೇಲೆ ಸಮಯ, ಆಮೇಲೆ ರೊಕ್ಕ. ಪೇಜ್ ಕೂಡ ಇದೇ ಕ್ರಮದಲ್ಲಿ ಸಾಗಬೇಕು. ಹೆಚ್ಚಿನ ಪೇಜ್‌ಗಳು ಕಲಿಸುವವರ ಹೊಗಳಿಕೆಯಿಂದ ಶುರುವಾಗುತ್ತವೆ. ಓದುವವರಿಗೆ ಆಗ ಅದು ಬೇಕಿರುವುದಿಲ್ಲ. ನಿಮ್ಮ ಪರಿಚಯ ಕೆಳಗೆ ಬರಲಿ, ನಾಲ್ಕು ಸಾಲು ಸಾಕು.

ಈಗ ತಲೆಬರಹ. "ಮನೆಯಲ್ಲೇ ಕುಳಿತು ಕಸೂತಿಯಲ್ಲಿ ಪರಿಣತರಾಗಿ!" ಎಂದು ಬರೆದರೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಪರಿಣತರು ಅಂದರೆ ಎಷ್ಟು ಬರಬೇಕು? ಯಾವಾಗ? ಅಕ್ಕಾವ್ರ ಪೇಜಿಗೆ ಬರೆದದ್ದು ಇದು: "ಸೂಜಿ ಹಿಡಿದು ಗೊತ್ತಿಲ್ಲದಿದ್ದರೂ ಸರಿ. 6 ವಾರದಲ್ಲಿ ನಿಮ್ಮ ಬ್ಲೌಸಿನ ತೋಳಿಗೆ ನೀವೇ ಗೋಪುರದ ಕಸೂತಿ ಹಾಕುತ್ತೀರಿ." ಯಾರಿಗೆ, ಎಷ್ಟು ದಿನ, ಕೊನೆಗೆ ಕೈಯಲ್ಲಿ ಏನಿರುತ್ತದೆ, ಮೂರೂ ಇದರಲ್ಲಿವೆ. ನಿಮ್ಮ ಕೋರ್ಸ್ ಸ್ಪೋಕನ್ ಇಂಗ್ಲಿಷ್ ಆಗಿರಲಿ, ಟ್ಯಾಲಿ ಆಗಿರಲಿ, ಈ ಮೂರನ್ನು ಬಿಡಬೇಡಿ. ತಲೆಬರಹ ಉದ್ದವಾಯಿತು ಅನಿಸಿದರೆ ಆಗಲಿ.

ಪೇಜಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರುವುದು ಪುರಾವೆಯ ಮೇಲೆ. ಪುರಾವೆ ಅಂದರೆ "ಸೂಪರ್ ಅಕ್ಕಾ" ಅನ್ನುವ ಸ್ಕ್ರೀನ್‌ಶಾಟ್‌ಗಳಲ್ಲ. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾ ಹೋಗಬೇಕು. ಗಾವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಮುಂದೆ ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಅಕ್ಕಾವ್ರ ಹತ್ತಿರ ಒಳ್ಳೊಳ್ಳೆ ಫೋಟೋಗಳಿದ್ದವು, ಆದರೆ ಎಲ್ಲವೂ ಮುಂಬದಿಯವು. ನಾನು ಕಲಿಯುತ್ತಿರುವವರ ಬಟ್ಟೆಯ ಹಿಂಬದಿಯ ಫೋಟೋ ಕೇಳಿದೆ. ಮೊದಲ ವಾರದ್ದು, ಗಂಟು, ಗೋಜಲು, ಜೋತಾಡುವ ದಾರ. ಪಕ್ಕದಲ್ಲೇ ಅದೇ ಕೈಯ ಆರನೇ ವಾರದ್ದು, ಎರಡೂ ಬದಿ ಒಂದೇ ಸಮ. ಕೆಳಗೆ ಒಂದೇ ಸಾಲು: "ಇದು ಬಟ್ಟೆಯ ಹಿಂಬದಿ." ಕಸೂತಿ ಗೊತ್ತಿದ್ದವರಿಗೆ ಇಷ್ಟು ಸಾಕು. ಗೊತ್ತಿಲ್ಲದವರಿಗೂ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ನಿಮ್ಮ ಕೋರ್ಸಿನಲ್ಲೂ ಇಂಥದ್ದೊಂದು ಹಿಂಬದಿ ಇರುತ್ತದೆ. ಅಡುಗೆ ಕಲಿಸುವವರು ಕಲಿಯುವವರ ಮೊದಲ ರೊಟ್ಟಿ ತೋರಿಸಬಹುದು, ಲೆಕ್ಕ ಕಲಿಸುವವರು ಹುಡುಗನ ಹಳೆಯ ನೋಟ್‌ಬುಕ್ಕಿನ ಒಂದು ಪುಟ. ಅವರ ಒಪ್ಪಿಗೆ ತಗೊಂಡೇ ಹಾಕಿ. ಅಭಿಪ್ರಾಯ ಬೇಕಿದ್ದರೆ "ಎರಡು ಮಾತು ಬರೆದುಕೊಡಿ" ಅನ್ನಬೇಡಿ, ಹೊಗಳಿಕೆ ಬಿಟ್ಟು ಬೇರೇನೂ ಬರಲ್ಲ. "ಸೇರುವ ಮೊದಲು ಯಾವುದಕ್ಕೆ ಹಿಂಜರಿದಿರಿ? ಎಲ್ಲಿ ತೊಡಕಾಯಿತು? ಈಗ ಏನು ಮಾಡುತ್ತಿದ್ದೀರಿ?" ಅಂತ ಕೇಳಿ.

ಪಾಠಗಳ ಪಟ್ಟಿಯಲ್ಲಿ "ಮಾಡ್ಯೂಲ್ 1: ಪರಿಚಯ" ಬೇಡ. "ಮೊದಲ ವಾರ: ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಒಂದು ನೇರ ಗಾವಂತಿ ಗೆರೆ" ಅಂತ ಬರೆಯಿರಿ. ವಾರಕ್ಕೆ ಒಂದು ಕೆಲಸ, ಒಂದು ಸಾಲು.

ಯಾರಿಗೆ ಈ ಕೋರ್ಸ್ ಅಲ್ಲ ಅನ್ನುವುದನ್ನೂ ಹೇಳಿಬಿಡಿ. "ಮಷೀನ್ ಎಂಬ್ರಾಯಿಡರಿ, ಆರಿ ವರ್ಕ್ ಇಲ್ಲಿ ಕಲಿಸುವುದಿಲ್ಲ. 6 ವಾರದಲ್ಲಿ ಆರ್ಡರ್ ಹಿಡಿದು ದುಡಿಯುವಷ್ಟು ಕೈ ಓಡುವುದಿಲ್ಲ." ಇದನ್ನು ಬರೆಯಲು ಅಕ್ಕಾವ್ರು ಹೆದರಿದರು. ನಾನು ಪಟ್ಟು ಹಿಡಿದೆ. ಬೇರೇನೋ ಬಯಸಿ ಸೇರಿದವರು ಎರಡನೇ ವಾರಕ್ಕೆ ರೊಕ್ಕ ವಾಪಸ್ ಕೇಳುತ್ತಾರೆ, ಅವರಿಗೂ ಬೇಸರ, ನಿಮಗೂ ಬೇಸರ.

ಬೆಲೆ ಮುಚ್ಚಿಡಬೇಡಿ. "ಫೀಗಾಗಿ ಮೆಸೇಜ್ ಮಾಡಿ" ಅಂದರೆ ಅರ್ಧ ಜನ ಜಾಸ್ತಿ ಇರಬೇಕು ಅಂದುಕೊಂಡು ಹೊರಟೇಬಿಡುತ್ತಾರೆ. 1,500 ರೂಪಾಯಿ ಆದರೆ 1,500 ಅಂತಲೇ ಬರೆಯಿರಿ. ಅದರಲ್ಲಿ ಏನೇನು ಬರುತ್ತದೆ, ಬಟ್ಟೆ, ದಾರ, ಸೂಜಿಗೆ ಬೇರೆ ಎಷ್ಟು ಬೀಳುತ್ತದೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಿನದೊಳಗೆ ಹಣ ವಾಪಸ್, ಎಲ್ಲ ಬೆಲೆಯ ಪಕ್ಕದಲ್ಲೇ ಇರಲಿ.

"ಇನ್ನು 10 ನಿಮಿಷ ಮಾತ್ರ" ಅಂತ ಓಡುವ ಸುಳ್ಳು ಗಡಿಯಾರ ಖಂಡಿತ ಬೇಡ. ಪೇಜ್ ಮತ್ತೆ ತೆರೆದರೆ ಅದು ಮತ್ತೆ 10 ನಿಮಿಷದಿಂದಲೇ ಶುರುವಾಗುತ್ತದೆ, ಜನರಿಗೆ ಗೊತ್ತಾಗುತ್ತದೆ. ಕಾನೂನೂ ಇದಕ್ಕೆ ಅಡ್ಡ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ತಂದ ಮಾರ್ಗಸೂಚಿ, ಆನ್‌ಲೈನ್ ಮಾರಾಟದ 13 ಮೋಸದ ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೊನೆ ಗಳಿಗೆಯಲ್ಲಿ ಬೆಲೆ ಏರಿಸುವುದು ಎರಡೂ ಆ ಪಟ್ಟಿಯಲ್ಲಿವೆ. ನಿಜವಾದ ಮಿತಿ ಇದ್ದರೆ ಕಾರಣ ಸಮೇತ ಹೇಳಿ: "ಪ್ರತಿಯೊಬ್ಬರ ಹೊಲಿಗೆಯ ಫೋಟೋ ನಾನೇ ನೋಡಿ ತಿದ್ದುತ್ತೇನೆ, ಅದಕ್ಕೇ 20 ಜನ ಮಾತ್ರ."

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಯುನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರದಲ್ಲೇ ಕೊಡಲು ಹೇಳಿ. 'ನುಡಿ' ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಜಿಗೆ ತಂದರೆ ಅಕ್ಷರವೆಲ್ಲ ಗಜಿಬಿಜಿ ಆಗುತ್ತದೆ. ಪೋಸ್ಟರ್ ಮಾಡಿಸಿ ಹಾಕಿದರೆ ಫೋನಿನಲ್ಲಿ ಹಿಗ್ಗಿಸಿ ಓದಬೇಕು. ಬಟನ್ ಮೇಲೆ "ಸಬ್ಮಿಟ್" ಬದಲು "₹1,500 ಕಟ್ಟಿ ಸೇರಿಕೊಳ್ಳಿ" ಅಂತಿರಲಿ. ಅದರ ಕೆಳಗೆ, ಯುಪಿಐನಲ್ಲಿ ಹಣ ಹಾಕಿದ ಮೇಲೆ ಏನಾಗುತ್ತದೆ, ಗ್ರೂಪಿನ ಲಿಂಕ್ ಯಾವಾಗ ಬರುತ್ತದೆ ಅಂತ ಹೇಳಿ. ಗುರುತಿಲ್ಲದವರಿಗೆ ರೊಕ್ಕ ಹಾಕುವಾಗ ಯಾರಿಗಾದರೂ ಅಳುಕು ಇರುತ್ತದೆ ಅಲ್ವಾ?

ಪೇಜ್ ಹಾಕುವ ಮೊದಲು, ನಿಮ್ಮ ಕ್ಲಾಸ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಡಿ. ಸುಮ್ನೆ ಪಕ್ಕದಲ್ಲಿ ಕೂತಿರಿ, ವಿವರಿಸಲು ಹೋಗಬೇಡಿ. ಓದಿದ ಮೇಲೆ ಮೂರು ಕೇಳಿ: ಕೊನೆಗೆ ಏನು ಮಾಡಲು ಬರುತ್ತದೆ, ಒಟ್ಟು ಖರ್ಚೆಷ್ಟು, ಕ್ಲಾಸ್ ತಪ್ಪಿದರೆ ಏನು? ಉತ್ತರಕ್ಕೆ ಅವರು ಮತ್ತೆ ಮೇಲೆ ಕೆಳಗೆ ಹುಡುಕಿದರೆ ಆ ಭಾಗವನ್ನು ಬಿಡಿಸಿ ಬರೆದು, ಇನ್ನೊಬ್ಬರ ಕೈಗೆ ಕೊಡಿ.