ಖಾನಾಪುರದ ಘಟ್ಟದ ಹಳ್ಳಿಯೊಂದರ ಪರಿಚಯ ಬರೆಯುವ ಬಗೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ಬೇಸಾಯದ ಹಳ್ಳಿಯೊಂದರ ಪರಿಚಯ ಬರೆಯಲು ಹೊರಟವರು ಮೊದಲು 2011ರ ಜನಗಣತಿಯ ಗ್ರಾಮವಾರು ಅಂಕಿಗಳನ್ನೂ ಗ್ರಾಮ ಪಂಚಾಯಿತಿಯ ದಾಖಲೆಗಳನ್ನೂ ನೋಡಿಕೊಳ್ಳಬೇಕು. ಕಾಗದದ ಮೇಲೆ ಒಂದೇ ಗ್ರಾಮವಾಗಿರುವುದು ನೆಲದ ಮೇಲೆ ದೂರದೂರದ ವಾಡಿಗಳಾಗಿರಬಹುದಾದ್ದರಿಂದ, ಪ್ರತಿಯೊಂದಕ್ಕೂ ನಡೆದೇ ಹೋಗುವುದು ಒಳ್ಳೆಯದು. ಊರು ಭೀಮಗಡ ವನ್ಯಜೀವಿ ಧಾಮದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ.

ಹೆಚ್ಚು ಪುಟಗಳನ್ನು ಬೇಸಾಯಕ್ಕೆ ಮೀಸಲಿಡಿ. "ಎಷ್ಟು ಎಕರೆ ಐತಿ?" ಎಂದು ಕೇಳಿದರೆ ಉತಾರದಲ್ಲಿ (ಪಹಣಿಯಲ್ಲಿ) ಬರೆದಿರುವ ಉತ್ತರವೇ ಸಿಗುತ್ತದೆ, "ಮನಿ ಭತ್ತ ಯಾವ ತಿಂಗಳ ಮಟ ಸಾಲತೈತ್ರಿ, ಅಜ್ಜಾ?" ಎಂದು ಕೇಳಿದರೆ ಗದ್ದೆಯ ಅಳತೆ, ಕಾಡುಹಂದಿ ತಿಂದ ಪಾಲು, ಗೋವಾಕ್ಕೆ ದುಡಿಯಲು ಹೋದ ಮಗ, ಎಲ್ಲವೂ ಒಂದರ ಹಿಂದೊಂದು ಹೊರಬರುತ್ತವೆ. ಹಲವು ಮನೆಗಳ ಮಾತು ಮರಾಠಿಯಾದ್ದರಿಂದ ಎರಡೂ ಭಾಷೆ ಬಲ್ಲ ಊರಿನವರೊಬ್ಬರು ಜೊತೆಗಿರಲಿ.

ಜಾತ್ರೆ, ಗುಡಿಗಳಿಗೆ ಒಂದೆರಡು ಸಾಲು ಸಾಕು (ಅದನ್ನು ಎಲ್ಲರೂ ಬರೆಯುತ್ತಾರೆ). ಬೇಸಿಗೆಯಲ್ಲಿ ನೋಡಿದ ಊರನ್ನೇ ಜುಲೈಯಲ್ಲಿ ಮತ್ತೊಮ್ಮೆ ನೋಡಿ, ಹಳ್ಳ ತುಂಬಿ ದಾರಿ ಕಟ್ಟಿದಾಗ ಮಕ್ಕಳು ಶಾಲೆಗೆ, ಬಸುರಿಯರು ಆಸ್ಪತ್ರೆಗೆ ಹೇಗೆ ತಲುಪುತ್ತಾರೆ, ಪಡಿತರ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ದಿನಾಂಕ ಸಹಿತ ದಾಖಲಿಸಿಕೊಳ್ಳಿ.