ನೀರು ಕುಡಿದ ಹಲಗೆ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ದೋಣಿಯಿಂದ ನನ್ನ ವೇಕ್‌ಬೋರ್ಡನ್ನು (ದೋಣಿಯ ಹಿಂದೆ ಹಗ್ಗ ಹಿಡಿದು ನೀರ ಮೇಲೆ ಜಾರುವ ಹಲಗೆಯನ್ನು) ಎತ್ತಿ ಕೊಡುತ್ತಿದ್ದ ದಾವಣಗೆರೆಯ ಗೆಳೆಯ ಅರೆಗಳಿಗೆ ತಡೆದು, "ಇದು ನೀರು ಕುಡಿದಿದೆ ಕಣಯ್ಯ, ತೂಕ ನೋಡು" ಎಂದ. ಮಗುಚಿ ನೋಡಿದೆ. ಎರಡು ಪಾದಗಳು ನಿಲ್ಲುವ ಜಾಗದ ನಡುವೆ, ತಳದಲ್ಲಿ ಅಡ್ಡಡ್ಡಲಾಗಿ ಕೂದಲೆಳೆಯಂಥ ಬಿರುಕು. ಹೆಬ್ಬೆರಳಿನಿಂದ ಒತ್ತಿದಾಗ ಕಂದು ಬಣ್ಣದ ನೀರು ಹನಿಹನಿಯಾಗಿ ಜಿನುಗಿತು. ಎಂಟು ವರ್ಷ ನನ್ನನ್ನು ಹೊತ್ತ ಹಲಗೆ ಅದು.

ನಾನು ತುಂಗೆಯಲ್ಲಿ ಈಜು ಕಲಿತ ತೀರ್ಥಹಳ್ಳಿಯವನು. ಈಗಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಇಲ್ಲಿಯ ಕೊಲರಾಡೊ ನದಿಗೆ (ಗ್ರ್ಯಾಂಡ್ ಕ್ಯಾನಿಯನ್ನಿನ ಕೊಲರಾಡೊ ಬೇರೆ, ಇದು ಬೇರೆ) ಅಣೆಕಟ್ಟು ಕಟ್ಟಿ ಸಾಲು ಸರೋವರಗಳನ್ನು ಮಾಡಿದ್ದಾರೆ. ಗಾಳಿ ಏಳುವ ಮುಂಚೆ ಲೇಕ್ ಆಸ್ಟಿನ್ ಕನ್ನಡಿಯಂತಿರುತ್ತದೆ. ಹಲಗೆಗೆ ಎರಡೂ ಪಾದ ಬಿಗಿದು, ಹಗ್ಗ ಹಿಡಿದು, ದೋಣಿ ಸೀಳಿದ ನೀರಿನ ಅಲೆಯನ್ನೇರಿ ಗಾಳಿಗೆ ನೆಗೆಯುವ ಸುಖಕ್ಕಾಗಿ ವಾರವಿಡೀ ಕಾಯುತ್ತೇನೆ.

ಅಂಚಿನ ಸಣ್ಣ ಪೆಟ್ಟುಗಳಿಗೆ ನಾನೇ ಎಪಾಕ್ಸಿ ಅಂಟು ತುಂಬಿ ಉಜ್ಜಿ ಸರಿಮಾಡಿದ್ದುಂಟು. ನಡುವೆ ಬಿದ್ದ ಬಿರುಕಿನ ಮಾತೇ ಬೇರೆ. ನೆಗೆದು ಇಳಿಯುವಾಗ ದೇಹದ ಭಾರವೆಲ್ಲ ಬಂದು ಬೀಳುವುದು ಅಲ್ಲಿಗೇ. ಹೊಸದನ್ನು ಹುಡುಕುವ ಮೊದಲು ಹಳೆಯದು ಏಕೆ ಮುರಿಯಿತೆಂದು ತಿಳಿಯಬೇಕೆನಿಸಿ, ಗರಗಸ ಹಿಡಿದು ಅದನ್ನು ಎರಡು ತುಂಡು ಮಾಡಿದೆ. ಹಲಗೆಯ ಒಳಗೆ ತುಂಬಿದ್ದ ಹಗುರ ಫೋಮ್ ಬಿರುಕಿನ ಸುತ್ತ ಹಳದಿಗಟ್ಟಿ, ಉಗುರು ತಾಗಿಸಿದರೆ ಉದುರುತ್ತಿತ್ತು. ಅಂಗೈ ಅಗಲದಷ್ಟು ಕಡೆ ಫೈಬರ್‌ಗ್ಲಾಸ್ ಹೊದಿಕೆ ಫೋಮನ್ನು ಬಿಟ್ಟು ಎದ್ದಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಭಾಗ ಟಕ್ಕೆನ್ನುತ್ತಿತ್ತು, ಎದ್ದ ಭಾಗದ ಸದ್ದು ಪೊಳ್ಳು. ಒಳ್ಳೆಯ ತೆಂಗಿನಕಾಯಿಗೂ ಕೊಳೆತದ್ದಕ್ಕೂ ಇರುವಷ್ಟೇ ವ್ಯತ್ಯಾಸ.

ತಪ್ಪು ಹಲಗೆಯದಾಗಿರಲಿಲ್ಲ. ಸವಾರನ ತೂಕ ಹೆಚ್ಚಿದಂತೆ ಹಲಗೆಯ ಉದ್ದವೂ ಹೆಚ್ಚಬೇಕು. ಅದು 134 ಸೆಂಟಿಮೀಟರ್ ಉದ್ದದ್ದು. ಕೊಂಡಾಗ ನನ್ನ ತೂಕ 70 ಕಿಲೋ, ಈಗ 84. ಜೊತೆಗೆ ಎರಡು ವರ್ಷಗಳಿಂದ ಅದನ್ನೇ ಕೇಬಲ್ ಪಾರ್ಕಿಗೂ ಒಯ್ಯುತ್ತಿದ್ದೆ. ಅಲ್ಲಿ ದೋಣಿಯಿಲ್ಲ. ಎತ್ತರದ ತಂತಿಯೊಂದು ಹಗ್ಗವನ್ನು ಎಳೆಯುತ್ತದೆ. ನೀರಿನ ನಡುವೆ ಕಂಬಿ, ಇಳಿಜಾರುಗಳನ್ನು ಇಟ್ಟಿರುತ್ತಾರೆ, ಅವುಗಳ ಮೇಲೆ ಜಾರಬೇಕು. ಅದಕ್ಕೆಂದೇ ಮಾಡುವ ಹಲಗೆಗಳು ಹೆಚ್ಚು ಬಾಗುತ್ತವೆ. ಅನೇಕವುಗಳ ಒಳಗೆ ಮರವಿರುತ್ತದೆ, ತಳ ಉಜ್ಜಾಟಕ್ಕೆ ತಡೆಯುವಂಥದ್ದು. ನನ್ನದು ಅಲೆಗಾಗಿ ಮಾಡಿದ ಬಿಗಿ ಹಲಗೆ. ಅದರ ತಳದಲ್ಲಿ ಅಚ್ಚಿನಲ್ಲೇ ಮೂಡಿದ, ಮೀನಿನದರಂಥ ರೆಕ್ಕೆಗಳು ಕಂಬಿಗೆ ತಾಗುತ್ತಿದ್ದವು, ನಡುಭಾಗ ಪೆಟ್ಟು ತಿನ್ನುತ್ತಿತ್ತು.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಹಿಂದಿನ ಬೇಸಿಗೆಯ ಲೆಕ್ಕ ಹಾಕಿದೆ. ಇಪ್ಪತ್ತು ಸಲ ನೀರಿಗಿಳಿದಿದ್ದರೆ ಹದಿನಾಲ್ಕು ಸಲ ದೋಣಿಯ ಹಿಂದೆ. ಎರಡಕ್ಕೂ ಆಗುವ ಹಲಗೆಯೆಂದು ಮಾರುವುದುಂಟು. ಅಂಥದೊಂದನ್ನು ಎರವಲು ತಂದು ನೋಡಿದೆ. ಅಲೆಯ ತುದಿಯಲ್ಲಿ ನಾನು ಒತ್ತಿದ ಬಲವನ್ನು ಅದು ತಾನೇ ಬಾಗಿ ನುಂಗಿಬಿಡುತ್ತಿತ್ತು. ನನಗೆ ಬೇಕಾದ್ದು ದೋಣಿಯ ಹಲಗೆ. ಕೇಬಲ್ ಪಾರ್ಕಿಗೆ ಹೋದಾಗ ಅಲ್ಲಿಯದನ್ನೇ ಬಾಡಿಗೆಗೆ ಪಡೆಯುವುದೆಂದು ನಿಶ್ಚಯಿಸಿದೆ.

ನಿಜವಾಗಿ ತಲೆ ಕೆಡಿಸಿಕೊಂಡದ್ದು ಹಲಗೆಯ ಬಾಗಿನ ವಿಷಯದಲ್ಲಿ. ತುದಿಯಿಂದ ತುದಿಗೆ ಒಂದೇ ಕಮಾನಿನಂತೆ ಬಾಗಿದ್ದು ವೇಗ ಕಳೆದುಕೊಳ್ಳದೆ ಸಾಗುತ್ತದೆ, ಅಲೆಯನ್ನೇರಿ ಹದವಾಗಿ ಬಿಡುತ್ತದೆ. ನಡುವೆ ಚಪ್ಪಟೆಯಾಗಿದ್ದು ಎರಡು ಕಡೆ ಮುರಿದಂತೆ ಬಾಗಿದ್ದು ನೀರನ್ನು ಹೆಚ್ಚು ತಳ್ಳುವುದರಿಂದ ತುಸು ನಿಧಾನ. ಆದರೆ ಅಲೆ ಬಿಡುವಾಗ ನೆಟ್ಟಗೆ ಮೇಲಕ್ಕೆ ಎಸೆಯುತ್ತದೆ. ಅಂಗಡಿಯ ಹುಡುಗ ಎರಡನೆಯದನ್ನೇ ಹೊಗಳಿದ, ಬೆಲೆಯೂ ಅದರದ್ದೇ ಹೆಚ್ಚು. ನಾನು ಎರಡನ್ನೂ ಒಂದೇ ಬೆಳಿಗ್ಗೆ, ಒಂದೇ ದೋಣಿಯ ಹಿಂದೆ, ಗಂಟೆಗೆ 35 ಕಿಲೋಮೀಟರಿನ ಅದೇ ವೇಗದಲ್ಲಿ ಓಡಿಸಿದೆ. ಎಸೆಯುವ ಹಲಗೆ ಒಂದೆರಡು ಸಲ ನನ್ನನ್ನು ಅದುವರೆಗೆ ಕಾಣದ ಎತ್ತರಕ್ಕೆ ಒಯ್ದದ್ದು ನಿಜ. ಆದರೆ ಚಿಮ್ಮುವ ಕ್ಷಣ ಪ್ರತಿಸಲ ಬೇರೆಯಾಗುತ್ತಿತ್ತು. ಒಂದೇ ಕಮಾನಿನದರ ಮೇಲೆ ಹತ್ತು ಸಲ ನೆಗೆದರೆ ಹತ್ತೂ ಸಲ ಎಲ್ಲಿ ಇಳಿಯುತ್ತೇನೆಂದು ನನಗೆ ಗೊತ್ತಿರುತ್ತಿತ್ತು. ನಲವತ್ತು ಸಮೀಪಿಸಿದ ಮೊಣಕಾಲುಗಳಿಗೆ ಆ ಭರವಸೆ ದೊಡ್ಡದು.

ಕೊನೆಗೆ 142 ಸೆಂಟಿಮೀಟರಿನದನ್ನು ಸೆಪ್ಟೆಂಬರಿನ ಕೊನೆಯಲ್ಲಿ ಕೊಂಡೆ. ಋತು ಮುಗಿಯುವ ಹೊತ್ತಿಗೆ ಆ ವರ್ಷದ ಹಲಗೆಗಳ ಬೆಲೆ ಇಳಿಯುತ್ತದೆ. ಮುಂದಿನ ವರ್ಷದ್ದರಲ್ಲಿ ಎಷ್ಟೋ ಸಲ ಬದಲಾಗುವುದು ಮೇಲಿನ ಚಿತ್ರ ಮಾತ್ರ. ಪಾದಗಳನ್ನು ಹಲಗೆಗೆ ಬಿಗಿಯುವ ಹಳೆಯ ಬೈಂಡಿಂಗ್‌ಗಳು ಗಟ್ಟಿಯಾಗಿದ್ದವು. ಅವನ್ನು ಅಂಗಡಿಗೇ ಒಯ್ದು, ತಿರುಪಿನ ತೂತುಗಳು ಕೂಡುತ್ತವೆಯೇ ಎಂದು ಇಟ್ಟು ನೋಡಿ, ಆಮೇಲೆ ಹಣ ಕೊಟ್ಟೆ.

ಮೊದಲ ದಿನ ತಿರುವುಗಳಲ್ಲಿ ಉದ್ದ ತುಸು ಅಡ್ಡಿಯೆನಿಸಿತು. ಪಾದಗಳ ಅಂತರವನ್ನು ಒಂದು ತೂತಿನಷ್ಟು ಹೆಚ್ಚಿಸಿದ ಮೇಲೆ ಸರಿಹೋಯಿತು.

ಹಳೆಯ ಹಲಗೆಯ ಒಂದು ತುಂಡು ಗ್ಯಾರೇಜಿನ ಗೋಡೆಯಲ್ಲಿದೆ. ಯಾರೋ ಬಳಸಿದ ಹಲಗೆಯನ್ನು ಕೊಳ್ಳಲು ಹೊರಟ ಗೆಳೆಯರು ಬಂದರೆ ಮೊದಲು ಆ ತುಂಡಿನ ಗಟ್ಟಿ ಭಾಗವನ್ನು, ಆಮೇಲೆ ಪೊಳ್ಳು ಭಾಗವನ್ನು ತಟ್ಟಿ ಕೇಳಿಸುತ್ತೇನೆ.